ಆಕಾಶ ತೋರಿಸುವ ಬಾಣ

ಹಾಳುಬಿದ್ದ ಆ ರಾಜಧಾನಿಯಲ್ಲಿ ಕಲ್ಲುಗಳಿಗೆ ನಂಬರು ಬರೆಯುವ ಹೆಂಗಸನ್ನು ಎಲ್ಲರೂ ನಂಬರಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಬಿದ್ದಿತ್ತು. ಗಂಡ ಕೂಡ ಸಿಟ್ಟು ಬಂದಾಗ "ಏನೇ ನಂಬರು" ಎನ್ನುತ್ತಿದ್ದ; ಸಿಟ್ಟು ಬರದಾಗ ಅವನು ಮಾತಾಡುತ್ತಿದ್ದುದೇ ಕಡಿಮೆ.

ಕೆಲಸವೇನೋ ಕೇಳುವುದಕ್ಕೆ ಸಲೀಸು. ಆರುನೂರು ವರ್ಷದ ಹಿಂದೆ ಯಾರೋ ರಾಜ ಕಟ್ಟಿಸಿದ ಕಂಬದ ಚಾವಡಿ ಒಂದು ಪಕ್ಕಕ್ಕೆ ವಾಲಿಕೊಂಡು, ಇವತ್ತೋ ನಾಳೆಯೋ ಎನ್ನುವಂತೆ ನಿಂತಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಅಡಿಪಾಯ ಗಟ್ಟಿ ಮಾಡಿ, ಮತ್ತೆ ಇದ್ದ ಹಾಗೇ ಜೋಡಿಸಬೇಕು. ಬಿಚ್ಚುವ ಮುಂಚೆ ಪ್ರತಿ ಕಲ್ಲಿನ ಪಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಒಂದು ನಂಬರು, ಅದರ ಪಕ್ಕ ಒಂದು ಬಾಣ. ಕಲ್ಲು ಎಲ್ಲಿ ಕೂರಬೇಕು ಎಂದು ನಂಬರು ಹೇಳುತ್ತದೆ. ಯಾವ ಮೈ ಮೇಲಾಗಿ ಕೂರಬೇಕು ಎಂದು ಬಾಣ ಹೇಳುತ್ತದೆ. ಬಾಣ ಯಾವಾಗಲೂ ಆಕಾಶ ತೋರಿಸಬೇಕು. ಇಷ್ಟೇ ವಿದ್ಯೆ. ಆದರೆ ಒಂದು ಸಾವಿರದ ನಾನೂರು ಕಲ್ಲುಗಳಿಗೆ ಎರಡು ವರ್ಷ ಬಿಸಿಲಲ್ಲಿ ಕೂತು ಬರೆದು ನೋಡಿದರೆ ಗೊತ್ತಾಗುತ್ತದೆ, ಇಷ್ಟೇ ಎನ್ನುವವರ ಯೋಗ್ಯತೆ ಎಷ್ಟು ಎಂದು.

ಈ ವಿದ್ಯೆ ಅವಳಿಗೆ ಬಂದದ್ದು ಮಾವನಿಂದ. ಮಾವ ಅಲ್ಲಿನ ಹಿರಿಯ ಮೇಸ್ತ್ರಿ, ಎಪ್ಪತ್ತು ದಾಟಿದವರು. ಅವರ ಮಗನಿಗೆ ಕಲ್ಲು ಒಲಿಯಲಿಲ್ಲ, ಬಸ್ಸಿನ ಸ್ಟಿಯರಿಂಗು ಒಲಿಯಿತು. ಹಾಗಾಗಿ ಮಗನಿಗೆ ಎತ್ತಿಟ್ಟಿದ್ದದ್ದೆಲ್ಲ ಸೊಸೆಯ ಪಾಲಾಯಿತು. ಮಾವನಿಗೆ ಅದರ ಹೆಮ್ಮೆ ಎಷ್ಟೆಂದರೆ, "ನನ್ನ ಕೈ ತಪ್ಪಬಹುದು, ನನ್ನ ಸೊಸೆ ಬರೆದ ನಂಬರು ತಪ್ಪಲ್ಲ" ಎಂದು ಹೋದಲ್ಲಿ ಬಂದಲ್ಲಿ ಡಂಗುರ ಹೊಡೆಯುತ್ತಿದ್ದರು. ಕೇಳಿ ಕೇಳಿ ಅವಳಿಗೆ ಮೈ ಹಿಡಿಯಾಗುತ್ತಿತ್ತು. ಹೊಗಳಿಕೆಯೂ ಒಂದು ಭಾರವೇ, ತಲೆ ಮೇಲೆ ಹೊತ್ತವರಿಗೇ ಅದು ಗೊತ್ತು.

ಮಾವನಿಗೆ ಒಂದು ಹಠವಿತ್ತು. ಕಲ್ಲಿನ ತೊಲೆ ಕೂರಿಸಿದ ಮೇಲೆ ಗಾರೆ ಗಟ್ಟಿಯಾಗುವವರೆಗೆ ಅದನ್ನು ಕಬ್ಬಿಣದ ಜಾಕಿಗಳು ಕೆಳಗಿನಿಂದ ಹೊತ್ತುಕೊಂಡಿರುತ್ತವೆ. ಕೊನೆಯ ಜಾಕಿ ಇಳಿಸಿ ತೊಲೆಯನ್ನು ಅದರ ಪಾಡಿಗೆ ಬಿಡುವ ಹೊತ್ತಿಗೆ, ಕೂರಿಸಿದವನು ಅದರ ನಟ್ಟನಡುವೆ, ಅದರ ಕೆಳಗೆ ನಿಂತಿರಬೇಕು. ಅವರ ಗುರು ನಿಲ್ಲುತ್ತಿದ್ದರಂತೆ, ಗುರುವಿನ ಗುರುವೂ ನಿಲ್ಲುತ್ತಿದ್ದರಂತೆ. ಕಾಗದದ ಮೇಲೆ ಇದಕ್ಕೆ ಅಪ್ಪಣೆಯಿಲ್ಲ. ಸೈಟಿನ ಎಂಜಿನಿಯರು ಸರಿಯಾಗಿ ಆ ಐದು ನಿಮಿಷ ಫೋನಿನಲ್ಲಿ ಏನೋ ಹುಡುಕುತ್ತಿರುತ್ತಾರೆ. ಹೀಗೆ ಹನ್ನೊಂದು ತೊಲೆಗಳ ಕೆಳಗೆ ಮಾವ ರೆಪ್ಪೆ ಮಿಟುಕಿಸದೆ ನಿಂತದ್ದಾಗಿತ್ತು. ಈಗ ಹನ್ನೆರಡನೆಯದು ಉಳಿದಿತ್ತು. ಅದೇ ಕೊನೆಯದು, ಚಾವಡಿಯ ನಡುವಿನ ದೊಡ್ಡ ತೊಲೆ. ಆ ದಿನ ಹನ್ನೊಂದು ಗಂಟೆಗೆ ಜಾಕಿ ಇಳಿಸುವುದೆಂದೂ, ನೋಡಲು ಇಲಾಖೆಯ ದೊಡ್ಡ ಸಾಹೇಬರೇ ಬರುವರೆಂದೂ ನಿಗದಿಯಾಗಿತ್ತು.

ಬೆಳಿಗ್ಗೆ ಮನೆಯಲ್ಲಿ ಮಾವ ಲೋಟದ ಅಂಚಿನೊಳಗೆ ಬೆರಳಿಟ್ಟುಕೊಂಡು ಚಹಾ ಬಗ್ಗಿಸಿದರು, ಬೆರಳಿಗೆ ಬಿಸಿ ತಾಗಿದ ಮೇಲೆ ನಿಲ್ಲಿಸಿದರು. ಈಚೆಗೆ ಅಂಟಿಕೊಂಡ ಚಾಳಿ. ಅವಳು ಅದನ್ನು ನೋಡಿಯೂ ನೋಡಲಿಲ್ಲ.

"ಬೇಗ ಹೋಗಿ ನಂಬರು ಒರೆಸಿಬಿಡು ತಾಯಿ," ಎಂದರು. "ಸಾಹೇಬ್ರು ಬಂದಾಗ ತೊಲೆ ಕೆಂಪು ಬಳ್ಕೊಂಡು ನಿಂತಿದ್ರೆ ಚೆನ್ನಾಗಿರಲ್ಲ."

"ಆಯ್ತು ಮಾವ."

ಎಂಟಕ್ಕೆಲ್ಲ ಅವಳು ಬಕೆಟ್ಟು, ಬ್ರಷ್ಷು ಹಿಡಿದು ತೊಲೆಯ ಸುತ್ತ ಕಟ್ಟಿದ್ದ ಸಾರುವೆ ಹತ್ತಿದ್ದಳು. ನಂಬರು ಬರೆಯುವುದು ಅವಳೇ, ಕಲ್ಲು ಕೂತ ಮೇಲೆ ಒರೆಸುವುದೂ ಅವಳೇ. ಒರೆಸಿದ ಮೇಲೆ ಅವಳು ಅಲ್ಲಿ ಕೆಲಸ ಮಾಡಿದ್ದಳೆಂಬುದಕ್ಕೆ ಯಾವ ಗುರುತೂ ಉಳಿಯುವುದಿಲ್ಲ. ಒಳ್ಳೆಯ ಕೆಲಸದ ಲಕ್ಷಣ ಅದು ಎಂದು ಮಾವ ಸಮಾಧಾನ ಹೇಳುತ್ತಿದ್ದರು. ಹನ್ನೆರಡನೆಯ ತೊಲೆಯ ಪಕ್ಕೆ ತಿಕ್ಕಿ ತೊಳೆದು, ಕತ್ತು ನೋವಾಯಿತೆಂದು ಸಾರುವೆಯ ಹಲಗೆಯ ಮೇಲೆ ಅಂಗಾತ ಮಲಗಿದಳು. ತೊಲೆಯ ಕೆಳಮೈ ಅವಳ ಮುಖಕ್ಕೆ ಒಂದು ಮೊಳ ದೂರದಲ್ಲಿತ್ತು.

ನಡುಮಧ್ಯದಲ್ಲಿ, ಅಡ್ಡಕ್ಕೆ, ಒಂದು ಬಿಳಿ ಗೆರೆಯಿತ್ತು.

ಜೇಡನ ನೂಲಿರಬೇಕು ಎಂದುಕೊಂಡು ಊದಿದಳು. ಅಲುಗಲಿಲ್ಲ. ಉಗುರಲ್ಲಿ ಕೆರೆದಳು. ಬಿಳಿ ಪುಡಿ ಉದುರಿ ತುಟಿಯ ಮೇಲೆ ಬಿತ್ತು. ಬೆರಳುಗಳ ನಡುವೆ ಉಜ್ಜಿ ನೋಡಿದಳು. ಹಳೆಯ ಗಾರೆಯ ಸುಣ್ಣ.

ಇನ್ನೊಂದು ಸಲ ಕೆರೆದು ನೋಡಿದಳು. ಅದೇ ಸುಣ್ಣ.

ಗಾರೆ ಬಳಿಯುವುದು ತೊಲೆಯ ಮೇಲ್ಮೈಗೆ, ಚಾವಣಿಯ ಚಪ್ಪಡಿ ಕೂರಿಸುವಾಗ. ಮೇಲ್ಮೈಯಲ್ಲಿ ಬಿರುಕಿದ್ದರೆ ಅದರೊಳಗೆ ಸುಣ್ಣದ ನೀರು ಇಳಿದು ಕೂರುತ್ತದೆ. ಕೆಳಮೈಗೆ ಗಾರೆ ಹೋಗಲು ದಾರಿಯೇ ಇಲ್ಲ. ಅಂದರೆ ಆರುನೂರು ವರ್ಷ ಆಕಾಶ ನೋಡುತ್ತಿದ್ದ ಮೈ ಈಗ ನೆಲ ನೋಡುತ್ತಿದೆ.

ಉಳಿದ ಹನ್ನೊಂದು ತೊಲೆಗಳ ಕೆಳಮೈಯಲ್ಲಿ ಹೂವಿನ ಕೆತ್ತನೆಯಿತ್ತು. ಅವನ್ನು ಕುರುಡನೂ ತಲೆಕೆಳಗು ಮಾಡಲಾರ. ಇದೊಂದನ್ನು ಕೆತ್ತುವ ಹೊತ್ತಿಗೆ ರಾಜ ಯುದ್ಧಕ್ಕೆ ಹೋದನೋ, ಸತ್ತೇ ಹೋದನೋ, ಎರಡೂ ಮೈ ಬೋಳಾಗಿ ಉಳಿದಿತ್ತು. ಮತ್ತು ಅವಳಿಗೆ ಎಲ್ಲ ನೆನಪಾಯಿತು, ಬೇಡವೆಂದರೂ ನೆನಪಾಯಿತು. ಬಿಚ್ಚಿದ ಕಲ್ಲುಗಳನ್ನು ಅಂಗಳದಲ್ಲಿ ಇಡುವಾಗ ಒಂದು ನಿಯಮವಿದೆ: ಕಟ್ಟಡದಲ್ಲಿ ಹೇಗಿತ್ತೋ ಹಾಗೆಯೇ, ಮೇಲ್ಮೈ ಮೇಲಾಗಿಯೇ ಇಡಬೇಕು. ಹಾಗೆಯೇ ಇಟ್ಟಿದ್ದರು. ಆದರೆ ಹೋದ ವರ್ಷ ಇದರ ಕೆಳಮೈಯ ಮಸಿ ತಿಕ್ಕಬೇಕೆಂದು ನಾಲ್ಕು ಜನರನ್ನು ಕರೆದು, ಸರಪಳಿ ರಾಟೆ ಕಟ್ಟಿಸಿ, ಅವಳೇ ಮಗುಚಿ ಹಾಕಿಸಿದ್ದಳು. ತಿಕ್ಕಿ ಮುಗಿಸುವಾಗ ಊಟದ ಗಂಟೆ ಹೊಡೆಯಿತು. ಮಧ್ಯಾಹ್ನದಿಂದ ಮಳೆ ಹಿಡಿಯಿತು, ಎಂಟು ದಿನ ಬಿಡಲಿಲ್ಲ. ಹೊಸ ಬಣ್ಣದ ಡಬ್ಬಿ ಕಳಪೆಯದ್ದು, ಏಳೆಂಟು ಕಲ್ಲುಗಳ ನಂಬರು ತೊಳೆದು ಹೋಯಿತು. ಮಳೆ ನಿಂತ ಮೇಲೆ ಪುಸ್ತಕ ನೋಡಿಕೊಂಡು ಮತ್ತೆ ಬರೆದಳು. ನಂಬರು ಪುಸ್ತಕದಲ್ಲಿತ್ತು. ಬಾಣವನ್ನು ಯಾರು ಪುಸ್ತಕದಲ್ಲಿ ಬರೆಯುತ್ತಾರೆ? ಬಾಣ ಆಕಾಶ ತೋರಿಸಬೇಕು, ಅಷ್ಟೇ ತಾನೇ. ತೊಲೆ ಮಗುಚಿಕೊಂಡೇ ಬಿದ್ದಿದೆ ಎನ್ನುವುದು ಮರೆತೇ ಹೋಗಿತ್ತು. ಅವಳು ಬ್ರಷ್ಷು ಎತ್ತಿ, ಅಚ್ಚುಕಟ್ಟಾಗಿ, ಆಕಾಶದ ಕಡೆಗೆ ಒಂದು ಬಾಣ ಎಳೆದಿದ್ದಳು.

ಬಿರುಕು ಮೇಲಿದ್ದರೆ ಏನೂ ಆಗುವುದಿಲ್ಲ, ಕೆಳಗಿದ್ದರೆ ದೇವರೇ ಗತಿ. ಇದನ್ನು ಮಾವ ಅವಳಿಗೆ ಬಟ್ಟೆ ಒಗೆಯುವ ಸೋಪಿನಲ್ಲಿ ತೋರಿಸಿಕೊಟ್ಟಿದ್ದರು. ಸೋಪಿನ ಬಿಲ್ಲೆಯ ಮೇಲೆ ಗೆರೆ ಕೊರೆದು, ಎರಡು ತುದಿ ಹಿಡಿದು ನಡುವೆ ಒತ್ತಿದರೆ ಗೆರೆ ಮುಚ್ಚಿಕೊಂಡಿತು. ಬಿಲ್ಲೆಯನ್ನು ಮಗುಚಿ ಒತ್ತಿದರೆ ಪಟ್ಟೆಂದು ಎರಡು ತುಂಡು. "ಕಲ್ಲು ಒತ್ತಿದ್ರೆ ತಡ್ಕೊಳ್ಳತ್ತೆ, ಎಳೆದ್ರೆ ತಡ್ಕೊಳ್ಳಲ್ಲ" ಎಂದಿದ್ದರು. ಆಮೇಲೆ ಆ ಎರಡು ತುಂಡಿನಲ್ಲೇ ಅವಳು ಬಟ್ಟೆ ಒಗೆದಿದ್ದಳು.

ಈಗ ಆ ತೊಲೆಯ ಮೇಲೆ ಹದಿನಾಲ್ಕು ಚಪ್ಪಡಿಗಳು ಕೂತಿದ್ದವು. ಹನ್ನೊಂದು ಗಂಟೆಗೆ ಮಾವ ಅದರ ಕೆಳಗೆ ನಿಲ್ಲುವವರಿದ್ದರು.

ಅವಳು ಸಾರುವೆ ಇಳಿದಳು. ತಾನು ತಪ್ಪು ತಿಳಿದಿರಬಹುದು, ಒಂದು ಸಲ ಫೋಟೋ ನೋಡೋಣ ಎಂದು ಆಫೀಸಿನ ಶೆಡ್ಡಿಗೆ ಓಡಿದಳು. ಹೆದರಿದವರು ಹೀಗೇ, ನಿಜ ಕಣ್ಣೆದುರು ಇದ್ದರೂ ಅದಕ್ಕೊಂದು ಸಾಕ್ಷಿ ಕೇಳುತ್ತಾರೆ. ಎಂಜಿನಿಯರು ಹೊಸ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದರು.

"ಹನ್ನೆರಡನೇ ತೊಲೆಯ ಹಳೇ ಫೋಟೋ ಬೇಕಿತ್ತು ಸಾರ್."

"ಈಗ್ಯಾಕೆ ನಂಬರಮ್ಮ?"

"ಸುಮ್ನೆ. ಒರೆಸ್ಬಿಟ್ಟೆ, ಪುಸ್ತಕಕ್ಕೆ ಏರಿಸ್ಬೇಕು."

ಫೋಟೋ ಬಂತು. ಚಪ್ಪಡಿ ತೆಗೆದ ಮೇಲೆ, ತೊಲೆ ಇಳಿಸುವ ಮುಂಚೆ, ಮೇಲಿನಿಂದ ತೆಗೆದದ್ದು. ನಡುವೆ, ಅಡ್ಡಕ್ಕೆ, ಅದೇ ಬಿಳಿ ಗೆರೆ. ಅಡಿಯಲ್ಲಿ ಬರೆದಿತ್ತು: ಮೇಲ್ಮೈಯಲ್ಲಿ ಕೂದಲೆಳೆ ಬಿರುಕು, ಅಪಾಯವಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಎಂಜಿನಿಯರು, "ನಿಮ್ಮ ಮಾವನ ವಿಷಯದಲ್ಲಿ ಇವತ್ತು ಎಲ್ಲ ಚೆನ್ನಾಗಿ ಆಗ್ಬಿಡ್ಲಿ ನೋಡಿ," ಎಂದರು. "ವಯಸ್ಸಾಯ್ತು, ಮನೆಗೆ ಕಳಿಸಿ ಅಂತ ಮೇಲಿಂದ ಎರಡು ಸಲ ಬರೆದಿದಾರೆ. ನಾನೇ ತಡೆದಿಟ್ಟಿದೀನಿ. ಸಾಹೇಬ್ರ ಮುಂದೆ ಏನೂ ಎಡವಟ್ಟಾಗಬಾರ್ದು."

ಅವಳು ತೆರೆದ ಬಾಯಿ ಮುಚ್ಚಿದಳು. ತೊಲೆ ಕೂರಿಸಿದವರು ಮಾವ. ತಲೆಕೆಳಗು ಕೂರಿಸಿದ್ದಾರೆ ಎಂದರೆ ಮೊದಲು ಹೋಗುವುದು ಅವರ ಮಾನ. ಅವರಿಗೇ ಮೊದಲು ಹೇಳುತ್ತೇನೆ, ಅವರು ಏನಾದರೂ ದಾರಿ ತೋರಿಸುತ್ತಾರೆ ಎಂದುಕೊಂಡು ಹೊರಬಿದ್ದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು ಆಗಿತ್ತು. ಇನ್ನೂ ಬೇಕಾದಷ್ಟು ಹೊತ್ತಿದೆ.

ಹೊತ್ತು ಇರಲಿಲ್ಲ. ಮಾವನನ್ನು ಹುಡುಕಿಕೊಂಡು ಕಲ್ಲಿನ ಅಂಗಳಕ್ಕೆ ಹೋದಳು, ಗಾರೆ ಅರೆಯುವಲ್ಲಿ ಹೋದಳು, ಆನೆ ಕಟ್ಟುತ್ತಿದ್ದರೆಂದು ಹೇಳುವ ಉದ್ದನೆಯ ಮಾಳಿಗೆಯವರೆಗೂ ಹೋಗಿ ಬಂದಳು. ಎಲ್ಲೂ ಇಲ್ಲ. ಸುತ್ತ ಎರಡು ಮೈಲಿ ಮುರಿದ ಗೋಡೆ, ತಲೆಯಿಲ್ಲದ ಕಂಬ, ನೀರಿಲ್ಲದ ಕೊಳ. ದಿನಾ ನೋಡಿದ ಜಾಗವೇ. ಅವತ್ತು ಮಾತ್ರ ಪ್ರತಿ ಮುರಿದ ತೊಲೆಯನ್ನು ನೋಡಿದಾಗಲೂ, ಇದು ಬಿದ್ದಾಗ ಇದರ ಕೆಳಗೆ ಯಾರಿದ್ದರೋ ಎಂದು ಅವಳಿಗೆ ಅನ್ನಿಸಿತು. ಇಷ್ಟು ದೊಡ್ಡ ಊರು ಹಾಳಾದದ್ದು ಯುದ್ಧದಿಂದ ಎಂದು ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಯಾರೋ ಒಬ್ಬಳು ಹೇಳಬೇಕಾದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಎಷ್ಟು ಬಿದ್ದಿದೆಯೋ, ಅದನ್ನು ಯಾವ ಗೈಡು ಹೇಳುತ್ತಾನೆ?

ಕಾರಿನ ಸದ್ದು ಕೇಳಿತು. ಸಾಹೇಬರು ಒಂದು ಗಂಟೆ ಮುಂಚೆಯೇ ಬಂದಿದ್ದರು. ದೊಡ್ಡವರು ಬರಬೇಕಾದಾಗ ತಡ ಮಾಡುತ್ತಾರೆ, ತಡವಾಗಿ ಬರಲಿ ಎಂದು ಬೇಡಿಕೊಂಡಾಗ ಬೇಗ ಬಂದುಬಿಡುತ್ತಾರೆ. ಅವಳು ಸೆರಗು ಸಿಕ್ಕಿಸಿಕೊಂಡು ಚಾವಡಿಯ ಕಡೆ ಓಡಿದಳು.

ಸಾರುವೆ ಬಿಚ್ಚಿಯಾಗಿತ್ತು. ಅಕ್ಕಪಕ್ಕದ ಜಾಕಿಗಳನ್ನು ಇಳಿಸಿಯಾಗಿತ್ತು. ನಡುವಿನದೊಂದೇ ಉಳಿದಿತ್ತು, ಅದರ ಹಿಡಿಕೆಯ ಮೇಲೆ ಜಾಕಿಯವನ ಕೈಯಿತ್ತು. ಹೊರಗೆ ನೆರಳಲ್ಲಿ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಎಂಜಿನಿಯರು ಜೇಬಿನಿಂದ ಫೋನು ತೆಗೆಯುತ್ತಿದ್ದರು. ಮಾವ ಚಪ್ಪಲಿ ಕಳಚಿಟ್ಟು, ತೊಲೆಯ ನಟ್ಟನಡುವೆ, ಆ ಜಾಕಿಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು.

ಹಿರಿಯರೆದುರು ದನಿ ಎತ್ತಿದವಳಲ್ಲ ಅವಳು. ಸಾಹೇಬರ ಮುಂದೆ ಹಾದು ಹೋಗಲೂ ಹಿಂಜರಿಯುವವಳು. ಕಾಲು ಹೇಗೆ ನಡೆಯಿತೋ, ನೇರ ತೊಲೆಯ ಕೆಳಗೆ ಹೋಗಿ ಮಾವನ ಪಕ್ಕ ನಿಂತಳು.

"ಮಾವ, ಹೊರಗೆ ಬನ್ನಿ."

"ಯಾಕೆ ತಾಯಿ?"

"ತೊಲೆ ತಲೆಕೆಳಗಾಗಿದೆ. ಬಾಣ ನಾನೇ ತಪ್ಪು ಬರೆದ್ಬಿಟ್ಟಿದೀನಿ."

ಮಾವ ನಕ್ಕರು. "ನಿನ್ನ ಬಾಣ ತಪ್ಪತ್ತಾ? ಕೊನೇ ತೊಲೆ ಅಂತ ಹೆದರಿಕೊಂಡಿದೀಯ, ಅಷ್ಟೇ. ಹೋಗು ಆಚೆ."

"ಮೇಲೆ ನೋಡಿ ಮಾವ. ನಡುವೆ ಬಿಳೀ ಗೆರೆ ಇದೆ. ಗಾರೆ ಸುಣ್ಣ."

ಮಾವ ಮುಖ ಎತ್ತಿದರು. ಅವಳು ಅವರ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣುಗಳು ಗೆರೆಯ ಮೇಲೆ ಹಾದುಹೋದವು, ನಿಲ್ಲಲಿಲ್ಲ. ಒಂದು ಮಾರು ಆಚೆ ಹೋಗಿ ಬೋಳು ಕಲ್ಲನ್ನು ಹುಡುಕಿದವು, ಮತ್ತೆ ಈಚೆ ಬಂದವು. ಕತ್ತಲೆ ಕೋಣೆಯಲ್ಲಿ ಗೋಡೆ ತಡಕುವವರ ಹಾಗೆ ತಡಕಾಡಿದವು.

"ಎಲ್ಲಿ? ಗೆರೆ ಗಿರೆ ಏನಿಲ್ಲ," ಎಂದರು.

ಅವಳಿಗೆ ಲೋಟದೊಳಗಿನ ಬೆರಳು ನೆನಪಾಯಿತು. ಮೇಸ್ತ್ರಿಗಳು ಕಲ್ಲನ್ನು ಕೈಯಲ್ಲೇ ನೋಡುತ್ತಾರೆ ಎಂದು ಜನ ಕೊಂಡಾಡುತ್ತಿದ್ದದ್ದು ನೆನಪಾಯಿತು. ಮಾವ ಈ ಹನ್ನೆರಡು ತೊಲೆಗಳನ್ನೂ ಕೂರಿಸಿದ್ದು ಅವಳ ನಂಬರನ್ನು ಯಾರಾದರೂ ಓದಿ ಹೇಳಿದ್ದರಿಂದ. ಬೇರೆ ಕಣ್ಣು ಅವರಿಗೆ ಇರಲಿಲ್ಲ.

"ನಿಮಗೆ ಕಾಣ್ತಿಲ್ಲ," ಎಂದಳು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ.

ಮಾವನ ಮುಖದ ನಗು ಅಲ್ಲೇ ಸತ್ತಿತು. "ಹೊರಗೆ ಹೋಗು," ಎಂದರು.

"ಏನಮ್ಮಾ ಅದು, ಮೇಸ್ತ್ರಿಗಳನ್ನ ನಿಲ್ಲೋಕೆ ಬಿಡಿ," ಎಂದು ಸಾಹೇಬರು ಕುರ್ಚಿಯಿಂದ ಕೂಗಿದರು. ಜಾಕಿಯವನು ಯಾರ ಮಾತು ಕೇಳಬೇಕೋ ತಿಳಿಯದೆ ಹಿಡಿಕೆಯ ಮೇಲೆ ಕೈ ಬಿಗಿ ಮಾಡಿದ. ಹಿಡಿಕೆ ಕಿರ್ ಎಂದಿತು.

ಆ ಸದ್ದಿಗೆ ಓಡಿಬಿಡು ಎಂದು ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು. ತಲೆಯಿಂದ ಎರಡು ಆಳು ಎತ್ತರದಲ್ಲಿ ಆ ಗೆರೆ ಇತ್ತು, ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

"ನಾನು ಹೋಗಲ್ಲ ಮಾವ. ಕೂರಿಸಿದವರು ನಿಲ್ಬೇಕು ಅಂತೀರಲ್ಲ? ಇದನ್ನ ಕೂರಿಸಿದ್ದು ನನ್ನ ಬಾಣ. ನಾನೂ ನಿಲ್ತೀನಿ." ಜಾಕಿಯವನ ಕಡೆ ತಿರುಗಿದಳು. "ಇಳಿಸಣ್ಣಾ, ಇಳಿಸು."

ಮಾವನ ಕೈ ಗಾಳಿಯಲ್ಲಿ ತಡಕಿ ಅವಳ ಮಣಿಕಟ್ಟು ಹಿಡಿಯಿತು. ಅವಳ ಕೈ ಹೇಗೆ ನಡುಗುತ್ತಿತ್ತೆಂದರೆ ಹಿಡಿದ ಕೈಯೂ ಅಲುಗಿತು. ಅವರು ಚಾವಡಿ ಹಾರಿಹೋಗುವಂತೆ ಕಿರುಚಿದರು:

"ನಿಲ್ಸೋ! ಕೈ ತೆಗಿ!"

ಆಮೇಲೆ ನಡೆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಂಜಿನಿಯರು ದುರ್ಬೀನು ತಂದು ನೋಡಿದರು. ಸಾಹೇಬರು ತಾವೂ ನೋಡಿ, ಇಂಥ ಸುಣ್ಣದ ಕಲೆ ಎಲ್ಲ ಕಡೆ ಇರುತ್ತೆ ಎಂದರು. ಮಾವ ವಾದ ಮಾಡಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಹಿಡಿಕೆಗೆ ಉದ್ದದ ಕೊಳವೆ ಸಿಕ್ಕಿಸಿ, ದೂರ ನಿಂತು ಕಾಲು ಸುತ್ತು ಇಳಿಸಲು ಹೇಳಿದರು. ಕಾಲೇ ಕಾಲು ಸುತ್ತು.

ಮಾವ ಕಣ್ಣು ಮುಚ್ಚಿಕೊಂಡಿದ್ದರು. ಸದ್ದು ಮೊದಲು ಕೇಳಿದ್ದು ಅವರಿಗೇ. "ಏರ್ಸು!" ಎಂದರು. ಉಳಿದವರಿಗೆ ಆಮೇಲೆ ಕೇಳಿತು, ಒಣಕಡ್ಡಿ ಮುರಿದಷ್ಟು ಸಣ್ಣ ಸದ್ದು. ಅದರ ಹಿಂದೆಯೇ ತೊಲೆಯ ನಡುವಿನಿಂದ ಬಿಸಿಲ ಕೋಲಿನಲ್ಲಿ ಬಿಳಿ ಪುಡಿ ಇಳಿಯಿತು, ಜರಡಿ ಹಿಡಿದಂತೆ, ಸದ್ದಿಲ್ಲದೆ. ಮಾವ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಅಂಗೈಯಗಲ ಬೆಳ್ಳಗಾಯಿತು. ಜಾಕಿ ಮತ್ತೆ ಏರಿ ತೊಲೆಯನ್ನು ಹಿಡಿಯಿತು. ಸಾಹೇಬರು ಯಾವಾಗ ಕಾರು ಹತ್ತಿದರೋ ಯಾರೂ ನೋಡಲಿಲ್ಲ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಮಾವ ಪಕ್ಕದಲ್ಲಿ ಬಂದು ಕೂತರು, ಕೂರುವ ಮೊದಲು ಕಲ್ಲನ್ನು ಕೈಯಿಂದ ಸವರಿ ನೋಡಿ.

"ಕೂರಿಸಿದ ದಿವಸ ಸುತ್ತಿಗೆಯಲ್ಲಿ ತಟ್ಟಿ ನೋಡಿದ್ದೆ," ಎಂದರು. "ಗಟ್ಟಿ ಕಲ್ಲು ಗಂಟೆ ಹಾಗೆ ಅನ್ಬೇಕು. ಇದು ಮಡಕೆ ಹಾಗೆ ಅಂತು. ಕಣ್ಣು ಹೋಯ್ತು, ಈಗ ಕಿವೀನೂ ಹೋಯ್ತು ಅಂದ್ಕೊಂಡೆ. ನಿನ್ನ ಬಾಣ ತಪ್ಪಿರತ್ತೆ ಅಂತ ನನ್ನ ತಲೆಗೇ ಬರ್ಲಿಲ್ಲ. ಯಾರ ಹತ್ರ ಹೇಳ್ಲಿ? ಹೇಳಿದ್ರೆ ಮನೆಗೆ ಕಳಿಸ್ತಾರೆ."

"ಗೊತ್ತಿದ್ದೂ ನಿಂತ್ಕೊಂಡ್ರಾ?"

"ಗೊತ್ತಿರ್ಲಿಲ್ಲ ತಾಯಿ. ಗೊತ್ತಾಗ್ಲಿ ಅಂತಾನೇ ನಿಂತಿದ್ದು. ಕೆಟ್ಟಿರೋದು ಕಲ್ಲಾ, ನನ್ನ ಕಿವಿಯಾ ಅಂತ."

ಅವಳಿಗೆ ಅಳು ಬಂತು. ಅತ್ತಳು, ಯಾರು ನೋಡಿದರೂ ಸರಿಯೆಂದು. ಒಂದೇ ಒಲೆಯ ಚಹಾ ಕುಡಿದು ಬಂದ ಇಬ್ಬರೂ, ಒಂದೇ ತೊಲೆಯ ಭಯವನ್ನು ಬೇರೆ ಬೇರೆ ಮುಚ್ಚಿಟ್ಟುಕೊಂಡಿದ್ದರು.

ಮಾವ ಮಾರನೆಯ ದಿನ ತಾವೇ ಆಫೀಸಿಗೆ ಹೋಗಿ ಕಣ್ಣಿನ ವಿಷಯ ಹೇಳಿದರು. ಅವಳು ಬಾಣದ ವಿಷಯ ಬರೆದುಕೊಟ್ಟಳು. ಮೇಲಿಂದ ಉತ್ತರ ಬಂತು: ಈ ತೊಲೆ ಮುಗಿಸಿ ಮೇಸ್ತ್ರಿಗಳು ಮನೆಗೆ, ನಂಬರಿನ ಕೆಲಸಕ್ಕೆ ಇನ್ನು ಇಬ್ಬರ ಸಹಿ. ನ್ಯಾಯವೇ. ಚಪ್ಪಡಿಗಳನ್ನು ಇಳಿಸಿದರು, ಎಂಜಿನಿಯರು ಅಳೆದು ಬಿರುಕಿಗೆ ಅಡ್ಡಲಾಗಿ ಉಕ್ಕಿನ ಕಂಬಿ ಕೂರಿಸಿದರು, ತೊಲೆಯನ್ನು ಮಗುಚಿದರು. ಬಾಣ ಬರೆಯಲು ಬ್ರಷ್ಷು ಎತ್ತಿದಾಗ ಅವಳ ಕೈ ಓಡಲಿಲ್ಲ. ಮಾವ ಮೈಯುದ್ದಕ್ಕೂ ಸುತ್ತಿಗೆ ತಟ್ಟುತ್ತ ಬಂದು, ಇದು ಮೇಲೆ ಎಂದು ಅಂಗೈ ಇಟ್ಟು ತೋರಿಸಿದ ಮೇಲೆಯೇ ಬರೆದಳು.

ಒಂದೂವರೆ ತಿಂಗಳ ಮೇಲೆ ಮತ್ತೆ ಜಾಕಿ ಇಳಿಸುವ ದಿನ ಬಂತು. ಸಾಹೇಬರಿಲ್ಲ, ಕುರ್ಚಿಯಿಲ್ಲ. ದೂರದಿಂದ ಕಾಲು ಕಾಲು ಸುತ್ತಾಗಿ ಇಳಿಸಿ ನೋಡಿಯಾಗಿತ್ತು. ಕೊನೆಯ ಸುತ್ತಿಗೆ ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತರು. ಅವಳೂ ಚಪ್ಪಲಿ ಬಿಟ್ಟಳು. ಎಂಜಿನಿಯರು ಏನೋ ಹೇಳಲು ಹೋಗಿ, ಫೋನು ತೆಗೆದರು.

ಮಾವ ಅವಳ ಕೈ ಹಿಡಿದುಕೊಂಡರು. ರೆಪ್ಪೆ ಮಿಟುಕಿಸದೆ ನಿಲ್ಲುತ್ತಾರೆ ಎಂದು ಅವಳು ಹೊರಗಿನಿಂದ ಇಷ್ಟು ವರ್ಷ ನೋಡಿದ್ದ ಆ ಮನುಷ್ಯನ ಕೈ ಒದ್ದೆಯಾಗಿತ್ತು, ಮತ್ತು ಸಣ್ಣಗೆ ನಡುಗುತ್ತಿತ್ತು.

"ಹೆದರಿಕೆ ಆಗ್ತಿದ್ಯಾ ಮಾವ?"

"ಪ್ರತಿ ಸಲಾನೂ," ಎಂದರು. "ನೀನು ಮೇಲೆ ನೋಡ್ತಿರು. ಏನಾದ್ರೂ ಉದುರಿದ್ರೆ ಹೇಳು. ಸದ್ದು ನಾನು ಕೇಳ್ತೀನಿ."

ಅವಳು ಮುಖ ಎತ್ತಿ ಕಣ್ಣು ಬಿಟ್ಟುಕೊಂಡು ನಿಂತಳು. ಮಾವ ಕಣ್ಣು ಮುಚ್ಚಿದರು. ಜಾಕಿಯವನು ಹಿಡಿಕೆ ತಿರುಗಿಸಿದ.